ತುಮಿಯಾತಿ ಅಕ್ಕನ ಹೆಬ್ಬೆರಳು

ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಮಾಡಿದ ಘನಕಾರ್ಯವೆಂದರೆ ಮೈಕಿನ ಟೋಪಿಯಿಂದ ಮದುಮಕ್ಕಳ ಸಿಂಹಾಸನ ಒರೆಸಿದ್ದು. ಕ್ಯಾಮೆರಾ ಪೆಟ್ಟಿಗೆಯಲ್ಲಿ ಬೂದು ಬಣ್ಣದ, ಉದ್ದ ಕೂದಲಿನ ಒಂದು ತುಪ್ಪುಳದ ಚೀಲ ಬಿದ್ದಿತ್ತು. ಧೂಳು ಹೊಡೆಯುವುದಕ್ಕೂ ಬೇರೆ ಸಾಮಾನು ಇಟ್ಟಿದ್ದಾರಲ್ಲ, ಎಂಥ ಅಚ್ಚುಕಟ್ಟಿನ ಜನ ಎಂದುಕೊಂಡು, ಹೊಸ ನೌಕರನ ಉತ್ಸಾಹದಲ್ಲಿ ಸಿಂಹಾಸನದ ಕೆತ್ತನೆಯ ಸಂದಿಗೊಂದಿಗಳನ್ನೆಲ್ಲ ಅದರಿಂದ ತಿಕ್ಕಿದೆ. ಚಿನ್ನದ ಬಣ್ಣ ಇನ್ನೂ ಒಣಗಿರಲಿಲ್ಲ. ಗಾಳಿಯ ಸದ್ದು ಒಳನುಗ್ಗದಂತೆ ಮೈಕಿಗೆ ತೊಡಿಸುವ ಆ ಟೋಪಿ ಅಂದಿನಿಂದ ಅರ್ಧ ಬಂಗಾರದ್ದಾಯಿತು.

ತುಮಿಯಾತಿ ಅಕ್ಕ ಅದನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ನನ್ನ ಮುಖಕ್ಕೆ ಹಿಡಿದಳು. "ಸಿಗಿತ್, ನಿಮ್ಮನೇಲಿ ನೆಲ ಒರೆಸೋಕೆ ಯಾರ ತಲೆಕೂದಲು ಉಪಯೋಗಿಸ್ತಾರೋ?"

"ಧೂಳು ಒರೆಸೋದು ಅನ್ಕೊಂಡೆ ಅಕ್ಕ."

"ಅನ್ಕೊ, ಅನ್ಕೊ. ಅನ್ಕೊಂಡಿದ್ದಕ್ಕೆ ಧಣಿ ಏನೂ ಮಾಡಲ್ಲ. ಒರೆಸಿದ್ದಕ್ಕೆ ಮಾಡ್ತಾನೆ."

ಧಣಿ ಎಂದರೆ ಗಿಯಾರ್ತೊ. ಅವನ ಸ್ಟುಡಿಯೋ ಇರುವುದು ತುಲುಂಗಾಗುಂಗ್ ಪಟ್ಟಣದಿಂದ ಅಮೃತಶಿಲೆಯ ಗಣಿಗಳ ಕಡೆಗೆ ಹೋಗುವ ರಸ್ತೆಯಲ್ಲಿ, ಟಯರ್ ಅಂಗಡಿಗೂ ಗೋರಿಕಲ್ಲು ಕೆತ್ತುವವನಿಗೂ ನಡುವೆ. ಮದುವೆಯ ವಿಡಿಯೋ ಗೊತ್ತು ಮಾಡಲು ಬಂದವರು ಅಪರೂಪಕ್ಕೆ ಬಾಗಿಲು ತಪ್ಪಿ ಗೋರಿಕಲ್ಲಿನವನಿಗೆ ವಧೂವರರ ಹೆಸರು, ತಾರೀಖು ಎಲ್ಲ ಹೇಳಿ ಬರುವುದುಂಟು. ಅಲ್ಲಿ ನನ್ನ ಹುದ್ದೆ 'ಎರಡನೇ ಕ್ಯಾಮೆರಾ'. ಹೆಸರು ದೊಡ್ಡದು. ಕೆಲಸ ಮಾತ್ರ ಮೊದಲನೇ ಕ್ಯಾಮೆರಾದ ಹಿಂದೆ ಮುಕ್ಕಾಲಿ ಹೊತ್ತು ಓಡುವುದು; ನಡುವೆ ನಾನೇನಾದರೂ ಚಿತ್ರ ತೆಗೆದರೆ ಅದು ಭೂಕಂಪದ ವರದಿಯಂತೆ ಬರುತ್ತಿತ್ತು. ಮೊದಲನೇ ಕ್ಯಾಮೆರಾ ತುಮಿಯಾತಿ ಅಕ್ಕ.

ನಲವತ್ತು ದಾಟಿದ ಒಣಕಲು ಹೆಂಗಸು. ಮೈತುಂಬ ಜೇಬಿರುವ ಕೋಟು, ತಲೆವಸ್ತ್ರ, ಅದರ ಮೇಲೆ ಏಡಿಯ ಹಾಗೆ ಕಚ್ಚಿಕೊಂಡ ದಪ್ಪ ಹೆಡ್‌ಫೋನು. ಕಲ್ಲು ಪಾಲಿಶ್ ಮಾಡುವವನ ಮಗಳು. ಮದುಮಗಳಿಗೆ ಸಿಂಗಾರ ಮಾಡುವವರ ಕೈಕೆಳಗೆ ಸೂಜಿ, ಹೂವು ಎತ್ತಿಕೊಡುತ್ತ ಮದುವೆಮನೆಗಳಿಗೆ ಬಂದವಳು, ಕ್ಯಾಮೆರಾದವನಿಗೆ ಜ್ವರ ಬಂದ ಒಂದು ದಿನ ಕ್ಯಾಮೆರಾ ಎತ್ತಿಕೊಂಡಳು, ಮತ್ತೆ ಇಳಿಸಲಿಲ್ಲ. ಹೆಂಗಸಾದ್ದರಿಂದ ಸಿಂಗಾರದ ಕೋಣೆಯೊಳಕ್ಕೂ ಹೋಗಬಲ್ಲಳು ಎಂಬುದೇ ಅವಳ ಬಂಡವಾಳ. ಗಂಡ ಮದುವೆಗಳಲ್ಲಿ ಕೀಬೋರ್ಡ್ ಬಾರಿಸುತ್ತಿದ್ದವನು ಹಾಡುಗಾರ್ತಿಯೊಬ್ಬಳನ್ನು ಕಟ್ಟಿಕೊಂಡ. ಆ ಮದುವೆಯ ವಿಡಿಯೋ ತೆಗೆದವಳೂ ತುಮಿಯಾತಿ ಅಕ್ಕನೇ ಎಂದು ಊರು ಹೇಳುತ್ತದೆ. ನಾನು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಬೆಳಕು ಸರಿ ಇರ್ಲಿಲ್ಲ," ಎಂದಷ್ಟೇ ಹೇಳಿದಳು.

ಮದುವೆ ಇಲ್ಲದ ಆಗಸ್ಟಿನಲ್ಲಿ ಅವಳು ಧ್ವನಿಲಾರಿಗಳ ಮೆರವಣಿಗೆ ಚಿತ್ರೀಕರಿಸುತ್ತಿದ್ದಳು. ಲಾರಿಯ ಮೇಲೆ ಮನೆಯೆತ್ತರಕ್ಕೆ ಧ್ವನಿಪೆಟ್ಟಿಗೆಗಳನ್ನು ಪೇರಿಸಿ, ಊರೂರ ಮೇಲೆ ಎದೆ ನಡುಗಿಸುತ್ತ ಹೋಗುವುದು ನಮ್ಮ ಕಡೆಯ ಗಂಡಸುತನ. ಲಾರಿ ಬರುವ ದಿನ ಜನ ಕಿಟಕಿಯ ಗಾಜುಗಳನ್ನು ಕಳಚಿ ಹಾಸಿಗೆಯ ಮೇಲೆ ಮಲಗಿಸುತ್ತಾರೆ, ಮುದುಕರನ್ನು ಪಕ್ಕದೂರಿಗೆ ಕಳಿಸುತ್ತಾರೆ. ಪೆಟ್ಟಿಗೆಗಳ ಬಾಯಿಗೆ ತುಮಿಯಾತಿ ಅಕ್ಕ ಹೋದಷ್ಟು ಹತ್ತಿರ ಬೇರೆ ಯಾವ ಕ್ಯಾಮೆರಾದವರೂ ಹೋಗುತ್ತಿರಲಿಲ್ಲ. ಲಾರಿಯ ಒಡೆಯರು ಅವಳನ್ನೇ ಕೇಳಿ ಕರೆಸುತ್ತಿದ್ದರು. ಗಾಜನ್ನೇನೋ ಕಳಚಿಡಬಹುದು.

ಇನ್ನು ಅವಳ ಹೆಬ್ಬೆರಳು. ನಿಕಾಹದ ಹೊತ್ತಿನಲ್ಲಿ ವರ, ವಧುವಿನ ತಂದೆಯ ಕೈ ಹಿಡಿದು ಕೂರುತ್ತಾನೆ. ತಂದೆ 'ಕೊಟ್ಟೆ' ಎಂದ ತಕ್ಷಣ ವರ 'ಒಪ್ಪಿದೆ' ಎಂಬ ಆ ಉದ್ದ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು. ನಡುವೆ ತೊದಲಿದರೆ ಮತ್ತೆ ಮೊದಲಿನಿಂದ. ಸರಿಯಾಗಿ ಹೇಳಿದರೆ ಸಾಕ್ಷಿಗಳು 'ಸಾಹ್!' ಎಂದು ಕೂಗುತ್ತಾರೆ, ಆಯಿತು, ಸಿಂಧು. ವಿಡಿಯೋದಲ್ಲಿ ಸಿಂಹಾಸನ, ಹೂವು, ಮೇಕೆಯ ಸಾರು ಎಲ್ಲ ಇದ್ದು ಆ ಒಂದು ಉಸಿರು ಇಲ್ಲದಿದ್ದರೆ ಅದು ಮದುವೆಯ ವಿಡಿಯೋ ಅಲ್ಲ, ಊಟದ ವಿಡಿಯೋ. ಅದಕ್ಕೇ ನಮ್ಮ ಕಡೆಯ ಖಾಜಿಗಳಿಗೆ ಒಂದು ಅಭ್ಯಾಸ: ಶುರು ಮಾಡುವ ಮೊದಲು ಕ್ಯಾಮೆರಾದ ಕಡೆ ನೋಡುತ್ತಾರೆ. ದನಿ ಬರುತ್ತಿದೆ ಎಂದು ತುಮಿಯಾತಿ ಅಕ್ಕ ಹೆಬ್ಬೆರಳು ಎತ್ತುತ್ತಾಳೆ. ಆಮೇಲೆಯೇ ದೇವರ ಹೆಸರು.

ನಾನು ಸೇರಿದ ವರ್ಷ ಆ ಹೆಬ್ಬೆರಳು ಸುಳ್ಳು ಹೇಳತೊಡಗಿತು. ಒಂದು ಮದುವೆಯಲ್ಲಿ ವರನ ದನಿ ಬಾವಿಯೊಳಗಿಂದ ಬಂದಂತೆ ಬಂತು. ಇನ್ನೊಂದರಲ್ಲಿ ಬರೀ ಗುಂಯ್ ಎಂಬ ಸದ್ದು. ಗಿಯಾರ್ತೊ ಮೈಕಿನ ಮೇಲೆ ಸಂಶೋಧನೆಗೆ ಕೂತ. ವರನ ಕೊರಳಪಟ್ಟಿಗೆ ಸಿಕ್ಕಿಸುವ ಪುಟ್ಟ ಮೈಕು, ಅದರ ದನಿಯನ್ನು ಗಾಳಿಯಲ್ಲೇ ಹಿಡಿದು ಕ್ಯಾಮೆರಾಕ್ಕೆ ದಾಟಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿ, ಡಬ್ಬಿಯಿಂದ ಕ್ಯಾಮೆರಾದ ತೂತಿಗೆ ಗೇಣುದ್ದದ ತಂತಿ. ಬ್ಯಾಟರಿ ಬದಲಿಸಿದ. ತಂತಿ ಬದಲಿಸಿದ. ತಂತಿಯ ತುದಿಯನ್ನು ಮಗಳ ರಬ್ಬರಿನಿಂದ ಉಜ್ಜಿದ. ಕ್ಯಾಮೆರಾದ ಹೊಟ್ಟೆಯೊಳಗಿನ ಪಟ್ಟಿಗಳನ್ನೆಲ್ಲ ತೆರೆದು ಒಂದೊಂದನ್ನೇ ತಿರುವಿ ಮೊದಲಿದ್ದಲ್ಲಿಗೆ ತಂದು ನಿಲ್ಲಿಸಿದ. ತೇವ ಕುಡಿದಿರಬೇಕೆಂದು ಡಬ್ಬಿಯನ್ನು ಅಕ್ಕಿಯಲ್ಲಿ ಹೂತಿಟ್ಟ; ಅವನ ಹೆಂಡತಿ ಅಕ್ಕಿಯ ಜೊತೆ ಅದನ್ನೂ ಅಳೆದು ತೊಳೆಯಲು ಹಾಕಿದ್ದಳು, ನಾನು ಸದ್ದು ಕೇಳಿ ಓಡಿ ತೆಗೆದೆ.

ವಿಚಿತ್ರವೆಂದರೆ ಅಂಗಡಿಯಲ್ಲಿ ಪರೀಕ್ಷೆ ಮಾಡಿದಾಗಲೆಲ್ಲ ಮೈಕು ಗಿಣಿಯಂತೆ ಮಾತಾಡುತ್ತಿತ್ತು.

"ಅಂಗಡೀಲಿ ಸರಿ ಇರುತ್ತೆ, ಮದುವೇಲಿ ಕೆಡುತ್ತೆ," ಎಂದ ಗಿಯಾರ್ತೊ.

"ಗಂಡಸರ ಹಾಗೇನೇ," ಎಂದಳು ತುಮಿಯಾತಿ ಅಕ್ಕ.

ಕಾರಣ ನನಗೆ ತಿಳಿದದ್ದು ಒಂದು ಬಡ ಮದುವೆಯಲ್ಲಿ. ನಿಕಾಹಕ್ಕೆ ಮುಂಚೆ ವರನಿಂದ ಒಂದೆರಡು ಮಾತಾಡಿಸಿ ದನಿ ನೋಡುವುದು ಪದ್ಧತಿ. ಅಷ್ಟರಲ್ಲಿ ನನ್ನ ಕಾಲಿಗೆ ಅವಳ ಹೆಡ್‌ಫೋನಿನ ತಂತಿ ತೊಡರಿ ಕ್ಯಾಮೆರಾದಿಂದ ಕಿತ್ತು ಬಂತು. ಬೈಗುಳಕ್ಕೆ ಬೆನ್ನು ಸಿದ್ಧಮಾಡಿಕೊಂಡು ಬಗ್ಗಿ ತುದಿಯನ್ನು ಕೈಗೆ ತೆಗೆದುಕೊಂಡೆ. ಮೇಲಿನಿಂದ ಅವಳು ವರನಿಗೆ ಹೇಳುತ್ತಿದ್ದಳು: "ಸ್ವಲ್ಪ ಮೆಲ್ಲಗೆ ಮಾತಾಡಪ್ಪ, ಕಿವಿ ಒಡೆದುಹೋಗ್ತಿದೆ." ಹೇಳಿ, ಹೆಬ್ಬೆರಳು ಎತ್ತಿದಳು.

ತಂತಿಯ ತುದಿ ನನ್ನ ಅಂಗೈಯಲ್ಲಿತ್ತು. ಅವಳು ಕೆಳಗೆ ನೋಡಿದಳು. ನಾನು ಅದನ್ನು ತೂತಿಗೆ ಸಿಕ್ಕಿಸಿದೆ. ಕ್ಯಾಮೆರಾದ ಪರದೆಯ ಮೂಲೆಯಲ್ಲಿ ದನಿಗೆ ತಕ್ಕಂತೆ ಕುಣಿಯುವ ಹಸಿರು ಪಟ್ಟಿಗಳಿರುತ್ತವೆ. ಇಷ್ಟು ಕಾಲ ಅವಳು ಕೇಳುತ್ತಿದ್ದದ್ದು ಅವನ್ನು. ಆದರೆ ಪಟ್ಟಿಗಳಿಗೆ ವರನ ಉಸಿರೂ ಒಂದೇ, ಸಡಿಲ ತಂತಿಯ ಗುಂಯ್ ಸದ್ದೂ ಒಂದೇ. ಎರಡಕ್ಕೂ ಕುಣಿಯುತ್ತವೆ.

ಮದುವೆ ಮುಗಿದು ಸಾಮಾನು ಕಟ್ಟುವಾಗ ಅವಳೇ ಬಾಯಿ ತೆರೆದಳು. "ಯಾವಾಗಿಂದ ಅಂತ ಕೇಳಬೇಡ."

"ಕೇಳಲ್ಲ ಅಕ್ಕ."

"ಕೇಳೋದೇ ಆದ್ರೆ ಎಡಗಡೆಯಿಂದ ಕೇಳು. ನನಗೂ ಅನುಕೂಲ."

"ಕಿವಿಗೆ ಯಂತ್ರ ಸಿಗುತ್ತಲ್ಲಕ್ಕ, ಈಗೆಲ್ಲ ಸಣ್ಣದು—"

"ಕಿವೀಲಿ ಯಂತ್ರ ಇಟ್ಕೊಂಡೋಳ ಕೈಗೆ ಯಾವನು ಮಗಳ ನಿಕಾಹ ಕೊಡ್ತಾನೆ? ಮೆಳ್ಳಗಣ್ಣಿನೋನ ಹತ್ರ ಫೋಟೋ ತೆಗೆಸ್ಕೊತೀಯಾ ನೀನು?"

ಅಂದಿನಿಂದ ನಾನು ಅವಳ ಕಿವಿಯಾದೆ. ಕ್ಯಾಮೆರಾದ ಹೆಡ್‌ಫೋನಿನ ತೂತಿಗೆ ಕವಲೊಡೆದ ತುದಿಯೊಂದನ್ನು ಹಾಕಿ, ಇನ್ನೊಂದು ತಂತಿಯನ್ನು ನನ್ನ ಕಿವಿಗೆ ಎಳೆದುಕೊಂಡೆ. ಧಣಿ ಕೇಳಿದರೆ 'ಕಲೀತಿದೀನಿ' ಎನ್ನುವುದು. ದನಿ ಸರಿಯಿದ್ದರೆ ಎದೆ ತುರಿಸುವುದು, ಗುಂಯ್ ಎಂದರೆ ಮೂಗು ಮುಟ್ಟುವುದು. ನಾನು ಎದೆ ತುರಿಸಿದರೆ ಅವಳ ಹೆಬ್ಬೆರಳು ಏಳುತ್ತಿತ್ತು, ಖಾಜಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನನ್ನ ಎದೆ ತುರಿಕೆಯ ಮೇಲೆ ಅದೆಷ್ಟು ಸಂಸಾರಗಳು ನಿಂತವೋ! ಆ ಸುಗ್ಗಿಯಲ್ಲಿ ಒಂದು ವಿಡಿಯೋವೂ ಕೆಡಲಿಲ್ಲ. ಅಕ್ಕಿಯ ವೈದ್ಯ ಫಲಿಸಿತೆಂದು ಗಿಯಾರ್ತೊ ಹಿಗ್ಗಿದ. ನನಗೆ ಚರ್ಮರೋಗವಿದೆಯೆಂದು ಸುತ್ತಲ ಊರುಗಳ ಹೆಣ್ಣುಮಕ್ಕಳಿಗೆಲ್ಲ ಖಾತ್ರಿಯಾಯಿತು.

ಆಮೇಲೆ ಬಂತು ಅಮೃತಶಿಲೆಯ ವ್ಯಾಪಾರಿ ಹಾಜಿ ಬಸ್ರೊನಿಯ ಮಗಳ ಮದುವೆ. ಹಾಜಿ ತಂದೆ ಹೇಳುವ ಆ 'ಕೊಟ್ಟೆ' ಎಂಬ ಮಾತನ್ನು ಅರಬ್ಬಿಯಲ್ಲಿಯೇ ಹೇಳುತ್ತೇನೆಂದು ಹಟ ಹಿಡಿದು ವಾರಗಟ್ಟಲೆ ಉರುಹೊಡೆದಿದ್ದರು. ಕಲ್ಲು ಕೊಯ್ಯುವ ಯಂತ್ರದ ಪಕ್ಕ ನಿಂತು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದರೆಂದು ಅವರ ಆಳುಗಳೇ ನಗುತ್ತಿದ್ದರು. ಮಳೆಗಾಲದ ಬಾಯಲ್ಲಿ ಇಟ್ಟುಕೊಂಡ ಮದುವೆ. ಹಾಗಾಗಿ ಮಳೆ ತಡೆಯುವ ಕಸಾನ್ ಅಜ್ಜನನ್ನೂ ಕರೆಸಿದ್ದರು. ಕಸಾನ್ ಅಜ್ಜ ಚಪ್ಪರದ ಮೂಡಣ ಮೂಲೆಯಲ್ಲಿ ಪೊರಕೆಯನ್ನು ತಲೆಕೆಳಗಾಗಿ ನೆಟ್ಟು, ಕಡ್ಡಿಗಳ ತುದಿಗೆ ಕೆಂಪು ಮೆಣಸಿನಕಾಯಿ, ಈರುಳ್ಳಿ ಚುಚ್ಚಿ, ಲವಂಗದ ಸಿಗರೇಟು ಸೇದುತ್ತ ಕೂತಿದ್ದ. ಕೊನೆಯ ನೆಂಟ ಹೊರಡುವ ತನಕ ಅವನು ಸ್ನಾನ ಮಾಡುವಂತಿಲ್ಲ, ಉಣ್ಣುವಂತಿಲ್ಲ. ಬೆಳಕಿನ ಅನುಕೂಲಕ್ಕೆ ನಮ್ಮ ಕ್ಯಾಮೆರಾ ನಿಂತದ್ದೂ ಅದೇ ಮೂಲೆಯಲ್ಲಿ, ಅವನ ಮಗ್ಗುಲಿಗೇ.

"ತುಮಿ, ಬೆಂಕಿಪೊಟ್ಟಣ ಇದೆಯಾ?" ಎಂದು ಅವನು ಎಡಗಡೆಯಿಂದ ಕೇಳಿದ. ಅವಳು ತಿರುಗಲಿಲ್ಲ. ನಾನು ಕೊಟ್ಟೆ.

ನಿಕಾಹಕ್ಕೆ ಇನ್ನೇನು ಕೂರಬೇಕು, ಗಿಯಾರ್ತೊ ಬಂದು ನನ್ನ ತೋಳು ಹಿಡಿದ. "ಅಡುಗೆ ಕಡೆ ಹೋಗೋ. ಹಾಜಿಗಳಿಗೆ ಊಟದ್ದು ಪೂರ್ತಿ ಬೇಕಂತೆ. ಎಷ್ಟು ಬಗೆ ಮಾಡ್ಸಿದಾರೆ ಅಂತ ಬೀಗರು ನೋಡಬೇಕಂತೆ."

"ನಿಕಾಹ ಮುಗಿದ ಮೇಲೆ ಹೋಗ್ತೀನಿ ಧಣಿ."

"ಯಾಕೆ, ವರ ತೊದಲಿದ್ರೆ ನೀನು ಹೇಳ್ಕೊಡ್ತೀಯಾ? ತುಮಿ ಇದಾಳೆ. ನಡಿ."

ನಾನು ಮೇಕೆಯ ಸಾರಿನ ಕೊಪ್ಪರಿಗೆಯ ಮುಂದೆ ನಿಂತು ಹಬೆಯನ್ನು ಚಿತ್ರೀಕರಿಸುತ್ತಿದ್ದೆ. ಎರಡು ಕಂಬಗಳ ನಡುವಿನಿಂದ ದೂರಕ್ಕೆ ಅವಳು ಕಾಣುತ್ತಿದ್ದಳು. ಖಾಜಿ ನೋಡಿದರು. ಅವಳು ನನ್ನನ್ನು ಹುಡುಕಿದಳು, ಒಂದು ಸಲ ಬಲಕ್ಕೆ, ಒಂದು ಸಲ ಹಿಂದಕ್ಕೆ. ಮತ್ತೆ ಪರದೆಯ ಮೂಲೆ ನೋಡಿದಳು. ಹೆಬ್ಬೆರಳು ಎದ್ದಿತು. ಸ್ವಲ್ಪ ಹೊತ್ತಿಗೆ 'ಸಾಹ್!' ಎಂದು ಚಪ್ಪರವೆಲ್ಲ ಕೂಗಿತು.

ಹಾಜಿಗೆ ತಮ್ಮ ಅರಬ್ಬಿಯನ್ನು ಆಗಿಂದಾಗಲೇ ಕೇಳಬೇಕಿತ್ತು. ಜಗಲಿಯ ಮೇಲೆ ಬೀಗರನ್ನೆಲ್ಲ ಕೂರಿಸಿ ಕಂಪ್ಯೂಟರ್ ಹಚ್ಚಿಸಿದರು. ಪರದೆಯಲ್ಲಿ ಹಾಜಿಯ ಬಾಯಿ ಗಂಭೀರವಾಗಿ ತೆರೆಯಿತು, ಮುಚ್ಚಿತು, ತೆರೆಯಿತು. ಹೊರಬಂದದ್ದು ಜೇನುಗೂಡಿಗೆ ಕಲ್ಲು ಹೊಡೆದ ಸದ್ದು. ಬೀಗರ ಕಡೆಯ ಮಗುವೊಂದು ಕಿಸಕ್ಕೆಂದಿತು.

"ನನ್ನ ದನಿ ಎಲ್ಲಿ?" ಎಂದರು ಹಾಜಿ.

ಗಿಯಾರ್ತೊ ಕೈಮುಗಿದ. "ಇನ್ನೊಂದೇ ಸಲ ಹೇಳಿಬಿಡಿ ಹಾಜಿಗಳೇ. ಬರೀ ಕ್ಯಾಮೆರಾಗೆ."

ಖಾಜಿ ಕೂಡದೆಂದು ತಲೆಯಾಡಿಸಿದರು. "ಎರಡನೇ ಸಲ ಹೇಳಿದ್ರೆ ಮೊದಲನೇದು ಕೂಡಲಿಲ್ಲ ಅಂತ ಊರು ಅನ್ನುತ್ತೆ. ನಾಳೆ ಮಗು ಹುಟ್ಟಿದ್ರೆ ಬೆರಳು ಮಡಿಸಿ ತಿಂಗಳು ಎಣಿಸ್ತಾರೆ."

"ಹಾಗಾದ್ರೆ ಯಾರ ತಪ್ಪು ಇದು?" ಹಾಜಿಯ ಪ್ರಶ್ನೆಗೆ ಜಗಲಿಯಿಡೀ ತುಮಿಯಾತಿ ಅಕ್ಕನ ಕಡೆ ತಿರುಗಿತು. ಅವಳು ಒಬ್ಬೊಬ್ಬರ ತುಟಿಯನ್ನೂ ನೋಡುತ್ತ ನಿಂತಿದ್ದಳು. ನಾನು ಹಿಂದೆ ನಿಂತು, ಏನು ಪ್ರಯೋಜನವೆಂದು ತಿಳಿಯದೆ, ಮೂಗು ಮುಟ್ಟಿಕೊಂಡೆ.

ಅವಳು ಮೂಡಣ ಮೂಲೆಯ ಪೊರಕೆಯ ಕಡೆ ಕೈ ತೋರಿಸಿದಳು.

"ಆಕಾಶ ಮುಚ್ಚಿ ಕೂತಿದಾರಲ್ಲ. ತಂತಿ ಇಲ್ಲದ ದನಿ ಯಾವ ದಾರೀಲಿ ಬರಬೇಕು?"

ನಗು ಬರುವ ಮಾತು. ಯಾರೂ ನಗಲಿಲ್ಲ. ಗಿಯಾರ್ತೊನ ಮುಖ ದೀಪ ಹಚ್ಚಿದಂತೆ ಬೆಳಗಿತು: "ನಾನು ಅದೇ ಹೇಳ್ತಿದ್ದೆ! ಅಂಗಡೀಲಿ ಸರಿ, ಮದುವೇಲಿ ಕೆಡುತ್ತೆ! ಅಂಗಡೀಲಿ ಇವರಿರಲ್ಲ!" ಮಳೆಯನ್ನು ತಡೆಯಬಲ್ಲವನು ಮೈಕನ್ನು ತಡೆಯಲಾರನೇ? ನಂಬುವುದಾದರೆ ಪೂರ್ತಿ ನಂಬಬೇಕು. ನಮ್ಮವರು ಆ ವಿಷಯದಲ್ಲಿ ಅರೆಮನಸ್ಸಿನವರಲ್ಲ.

"ನಾನು ಮೋಡಕ್ಕೆ ಹೇಳಿದ್ದಪ್ಪ, ಮೈಕಿಗಲ್ಲ," ಎಂದ ಕಸಾನ್ ಅಜ್ಜ. ಹಾಜಿ ಅವನನ್ನು ಆಗಲೇ ಎಬ್ಬಿಸಿದರು. ಅವನು ಪೊರಕೆಯಿಂದ ಮೆಣಸಿನಕಾಯಿಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡು, ಉಣ್ಣದೆ, ಹೊರಟ. ಅವನು ಹೋದ ಮೇಲೆ ಒಂದು ಮಳೆ ಬಂದಿದ್ದರೂ ಅವನ ಮಾನ ಅಷ್ಟಿಷ್ಟು ಉಳಿಯುತ್ತಿತ್ತು. ಬರಲಿಲ್ಲ. ಆ ಸಲ ಮಳೆಗಾಲವೇ ತಡವಾಯಿತು. ಕಸಾನ್ ಇಲ್ಲದೆಯೂ ಮಳೆ ಬಾರದು, ಕಸಾನ್ ಇದ್ದರೆ ಮೈಕು ಬಾರದು ಎಂದು ಊರು ಲೆಕ್ಕ ಹಾಕಿತು. ಮದುವೆಗಳಿಗೆ ಅವನನ್ನು ಕರೆಯುವುದು ನಿಂತೇಹೋಯಿತು.

ಗಾಡಿಯಲ್ಲಿ ಹಿಂದಿರುಗುವಾಗ ನಾನು ಅವಳ ಬಲಗಡೆ, ಅಷ್ಟಿಷ್ಟು ಕೇಳುವ ಕಿವಿಯ ಕಡೆ, ಕೂತು ಹೇಳಿದೆ: "ಅಕ್ಕ, ಆ ಅಜ್ಜನಿಗೆ ಬೇರೆ ಏನೂ ಬರಲ್ಲ."

"ಬಟ್ಟೆ ಅಡ್ಡ ಬಂತು, ಕೇಳಿಸ್ಲಿಲ್ಲ," ಎಂದು ತಲೆವಸ್ತ್ರ ಸರಿಮಾಡಿಕೊಂಡಳು.

ಕಸಾನ್ ಅಜ್ಜನನ್ನು ದೂರ ಇಟ್ಟದ್ದು ಸಾಲದೆಂದು ಗಿಯಾರ್ತೊ ಇನ್ನೊಂದು ಮುನ್ನೆಚ್ಚರಿಕೆ ವಹಿಸಿದ. ಒಂದೇ ತೂತಿಗೆ ಇಬ್ಬರು ಬಾಯಿ ಹಾಕಿದರೆ ಹಾಲು ಸಾಲುವುದಿಲ್ಲ ಎಂಬ ನ್ಯಾಯದಲ್ಲಿ, ನನ್ನ ಕವಲು ತಂತಿಯನ್ನು ಕಿತ್ತು ಎಸೆದ. ಮುಂದಿನ ಮದುವೆಯಲ್ಲಿ ಆಕಾಶ ತೊಳೆದಿಟ್ಟಂತಿತ್ತು, ಮೂಡಣ ಮೂಲೆ ಖಾಲಿಯಿತ್ತು, ನನ್ನ ಕಿವಿಯೂ ಖಾಲಿಯಿತ್ತು. ಖಾಜಿ ನೋಡಿದರು. ತುಮಿಯಾತಿ ಅಕ್ಕ ಹೆಬ್ಬೆರಳು ಎತ್ತಿದಳು. ಹಾಜಿಯ ಮನೆಯ ಅವಮಾನ ಇನ್ನೂ ಆರದಿದ್ದ ಗಿಯಾರ್ತೊ ಅವಳ ತಲೆಯ ಮೇಲಿಂದ ಹೆಡ್‌ಫೋನನ್ನು ಕಿತ್ತು ತನ್ನ ಕಿವಿಗೆ ಒತ್ತಿಕೊಂಡ.

ಒತ್ತಿಕೊಂಡವನೇ ಬೆಂಕಿ ತಾಗಿದವನಂತೆ ದೂರ ಹಿಡಿದ. ಆ ಗುಂಯ್ ಸದ್ದು ಮಾರು ದೂರ ನಿಂತ ನನಗೂ ಕೇಳಿಸಿತು. ಡಬ್ಬಿಯ ತಂತಿ ಕ್ಯಾಮೆರಾದ ತೂತಿನಲ್ಲಿ ಅರ್ಧಕ್ಕೆ ನಿಂತಿತ್ತು. ಅವನು ಅದನ್ನು ಒತ್ತಿದ. ಟಕ್ ಎಂದಿತು, ಅಷ್ಟೆ. ನಿಕಾಹ ನಡೆಯಿತು; ವರನ ಉಸಿರು, ವಧುವಿನ ತಂದೆಯ ಕೆಮ್ಮು, ಎಲ್ಲ ಶುದ್ಧವಾಗಿ ಬಂತು.

ಜನ ಊಟಕ್ಕೆ ಎದ್ದ ಮೇಲೆ ಗಿಯಾರ್ತೊ ಅವಳ ಎಡಬದಿಗೆ ಹೋಗಿ ನಿಂತ. "ತುಮಿ," ಎಂದ. ಅವಳು ತಂತಿ ಸುತ್ತುತ್ತಿದ್ದಳು. "ತುಮಿಯಾತಿ." ಸುತ್ತುತ್ತಲೇ ಇದ್ದಳು. ಅವನು ಬೈಯಲಿಲ್ಲ, ಬೈದಿದ್ದರೆ ಅವಳಿಗೆ ಉತ್ತರಿಸಲು ಬರುತ್ತಿತ್ತು. ಹೆಡ್‌ಫೋನನ್ನು ತಂದು ನನ್ನ ಕೊರಳಿಗೆ ಹಾಕಿದ. ಮದುಮಗನಿಗೆ ಹಾರ ಹಾಕಿದ ಹಾಗೆ.

ಹೀಗೆ ನಾನು ಮೊದಲನೇ ಕ್ಯಾಮೆರಾ ಆದೆ. ಕೈ ಈಗಲೂ ನಡುಗುತ್ತದೆ, ದನಿ ಮಾತ್ರ ಚೊಕ್ಕ. ಕಸಾನ್ ಅಜ್ಜನ ಮನೆಗೆ ಹೋಗಿ ತಪ್ಪಾಯಿತೆಂದು ಹೇಳುವ ಕೆಲಸ ಮಾತ್ರ ಯಾರ ಪಾಲಿಗೂ ಬರಲಿಲ್ಲ. ಅಂಥ ಕೆಲಸಗಳು ಎರಡನೇ ಕ್ಯಾಮೆರಾದವು. ಆ ಹುದ್ದೆ ಖಾಲಿ ಬಿದ್ದಿತ್ತು.

ತುಮಿಯಾತಿ ಅಕ್ಕ ಈಗ ತಂಗಿಯ ಕಾಫಿ ಅಂಗಡಿಯಲ್ಲಿ ಒಲೆಯ ಮುಂದೆ ನಿಲ್ಲುತ್ತಾಳೆ. ಗಿರಾಕಿಗಳು ಅವಳಿಗೆ ಬೆರಳಿನಲ್ಲೇ ಹೇಳುತ್ತಾರೆ: ಒಂದು, ಎರಡು, ಸಕ್ಕರೆ ಬೇಡ. ಕೆಲವು ತುಂಟರು ಬೇಕೆಂದೇ ಎಡಗಡೆಯಿಂದ ಏನಾದರೂ ಅಸಭ್ಯ ಹೇಳಿ ನಗುತ್ತಾರೆ. ಅವಳು ತುಟಿ ನೋಡಿದ್ದರೆ ಲೋಟದಲ್ಲಿ ಉತ್ತರ ಬರುತ್ತದೆ, ಬರೀ ಚರಟ.

ಮೊನ್ನೆ ಮಧ್ಯಾಹ್ನ ಕಸಾನ್ ಅಜ್ಜ ಅಲ್ಲಿಗೆ ಬಂದ. ಅಂಗಿ ದೊಡ್ಡದಾಗಿ ಕಾಣುತ್ತಿತ್ತು, ಅಥವಾ ಒಳಗಿನವನು ಚಿಕ್ಕವನಾಗಿದ್ದ. ಕಾಫಿ ಕುಡಿದು, ತಳದ ಚರಟವನ್ನು ಕಡ್ಡಿಯಿಂದ ತೆಗೆದು, ನಮ್ಮೂರವರ ಹಾಗೆ ಸಿಗರೇಟಿನ ಮೈಗೆ ಬಳ್ಳಿ ಬರೆಯುತ್ತ ಬಹಳ ಹೊತ್ತು ಕೂತ. ಬರೆದು ಮುಗಿಯಿತು. ಹಚ್ಚಲಿಲ್ಲ. ಎದ್ದು ಒಲೆಯ ಬಳಿಗೆ ಹೋದ. ನಾನು ಬೆಂಚಿನ ತುದಿಯಲ್ಲಿ ನೆಲ ನೋಡುತ್ತ ಕೂತಿದ್ದೆ.

"ತುಮಿ, ಅವತ್ತು ಯಾಕೆ ನನ್ನ ಮೇಲೆ ಹೇಳಿದೆ?" ಎಂದ, ಮೆಲ್ಲಗೆ, ಅವನು ಎಂದೂ ಗಟ್ಟಿಯಾಗಿ ಮಾತಾಡಿದವನಲ್ಲ.

ಅವಳು ಒಂದು ಬೆರಳು ಎತ್ತಿ ತೋರಿಸಿದಳು: ಒಂದು ಕಾಫಿಯೇ?

ಅವನು ಅಂಗಡಿಯನ್ನೊಮ್ಮೆ ನೋಡಿದ. ಮತ್ತೆ ಕೇಳಿದ, ತುಸು ಗಟ್ಟಿಯಾಗಿ. ಅವಳು ಸಕ್ಕರೆಯ ಡಬ್ಬಿಗೆ ಕೈಹಾಕಿದಳು. ಕೊನೆಗೆ ಮುದುಕ ಕಣ್ಣು ಮುಚ್ಚಿಕೊಂಡು ಕೂಗಿದ. ಅವನ ಜನ್ಮದಲ್ಲಿ ಅವನು ಅಷ್ಟು ಜೋರಾಗಿ ಕೂಗಿದ್ದನ್ನು ಯಾರೂ ಕೇಳಿರಲಿಕ್ಕಿಲ್ಲ.

"ಕಿವಿ ನಿಂದು ಹೋಗಿತ್ತು, ನಿನಗೆ ಗೊತ್ತಿತ್ತು! ಅಷ್ಟು ಜನ ಇದ್ರು! ಯಾಕೆ ನನ್ನ ಮೇಲೆ ಹಾಕಿದೆ?"

ಅಂಗಡಿಯಲ್ಲಿ ಸಿಗರೇಟಿಗೆ ಬಳ್ಳಿ ಬರೆಯುತ್ತಿದ್ದವರ ಕಡ್ಡಿಗಳು ನಿಂತವು. ರಸ್ತೆಯಲ್ಲಿ ಕಲ್ಲಿನ ಲಾರಿಯೊಂದು ಹಾದುಹೋಯಿತು. ತುಮಿಯಾತಿ ಅಕ್ಕ ಸಕ್ಕರೆಯ ಚಮಚವನ್ನು ಡಬ್ಬಿಯಲ್ಲೇ ಬಿಟ್ಟು, ಅವನ ಮುಖ ನೋಡಿದಳು.

"ಹತ್ತಿರ ಕೂತಿದ್ದೋರು ನೀವೇ. ಅದಕ್ಕೆ."